ಬಲೆಯ ಕಣ್ಣು ಒಂದೇ ಅಳತೆಯದಾಗಿರಲಿ

(ಮಲೆನಾಡಿನ ವಿದ್ಯಾರ್ಥಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಟ್ಟದ ಊರಿನವರ ಮುಂದೆ ಸಮುದ್ರದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಾಳಿ, ಅಘನಾಶಿನಿ, ಶರಾವತಿಗಳು ಘಟ್ಟವಿಳಿದು ಸೇರುವುದು ಅರಬ್ಬೀ ಸಮುದ್ರವನ್ನೇ. ಅದಕ್ಕಿಂತ ಹತ್ತಿರದ ಕಾರಣವೂ ಒಂದಿದೆ. ಕಪ್ಪೆಯನ್ನೋ ಮದ್ದಿನ ಗಿಡವನ್ನೋ ಅರಸಿ ದೂರದೇಶದ ಸಂಶೋಧಕರು ನಮ್ಮ ಕಾಡಿಗೂ ಬರುತ್ತಾರೆ. ನಮ್ಮ ಜಗುಲಿಯಲ್ಲಿ ಕುಳಿತು ಗಿಡಗಳ ಹೆಸರು ಬರೆದುಕೊಂಡು ಹೋದ ಒಬ್ಬರು ಆಮೇಲೆ ಒಂದು ಪ್ರತಿಯನ್ನೂ ಕಳುಹಿಸಲಿಲ್ಲ. ಹಾಗಾದರೆ ಸಂಶೋಧನೆಯಲ್ಲಿ ಸಹಭಾಗಿತ್ವ ಎಂದರೇನು?

ಕೊಚ್ಚಿಯಲ್ಲಿ ಇಂದು ಮೀನುಗಾರಿಕೆ ಮತ್ತು ಸಾಗರಾಧ್ಯಯನಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. ಕೇರಳ ಸರ್ಕಾರ ಅದನ್ನು ಸ್ಥಾಪಿಸಿದ್ದು 2010ರಲ್ಲಿ. ಇಂಥ ವಿದ್ಯಾಲಯಗಳು ಹೊರದೇಶದವರೊಡನೆ ಒಡಂಬಡಿಕೆಗೆ ಸಹಿ ಹಾಕುವ ಮೊದಲು ನೆನೆಯಬೇಕಾದ ಪಾಠವೊಂದು ಅದೇ ಊರಿನಲ್ಲಿ, ಅರ್ಧ ಶತಮಾನಕ್ಕೂ ಹಿಂದೆ ನಡೆದುಹೋಗಿದೆ.

1959ರಿಂದ 1965ರವರೆಗೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆ ನಡೆಯಿತು. ಹನ್ನೆರಡಕ್ಕೂ ಹೆಚ್ಚು ದೇಶಗಳ ಸುಮಾರು 40 ಹಡಗುಗಳು ಅದರಲ್ಲಿ ಭಾಗವಹಿಸಿದವು. ನಮ್ಮ ನೌಕಾಪಡೆಯ ‘ಕಿಸ್ತ್ನಾ’ ಇತ್ತು. ಅಮೆರಿಕದ ‘ಆಂಟನ್ ಬ್ರೂನ್’ ಹಿಂದೊಮ್ಮೆ ಅಧ್ಯಕ್ಷ ಟ್ರೂಮನ್ನರ ವಿಹಾರನೌಕೆಯಾಗಿತ್ತೆಂಬುದು ಒಂದು ಸ್ವಾರಸ್ಯ.

ಆದರೆ ಒಂದೊಂದು ಹಡಗು ಒಂದೊಂದು ಬಗೆಯ ಬಲೆ ಬೀಸಿದರೆ ಲೆಕ್ಕ ಕೂಡುವುದು ಹೇಗೆ? ಮನೆಗೊಂದು ಅಳತೆಯ ಕೊಳಗವಿದ್ದರೆ ಊರಿನ ಭತ್ತದ ಲೆಕ್ಕ ಸಿಕ್ಕೀತೇ? ಆದ್ದರಿಂದ ಎಲ್ಲರಿಗೂ ಒಂದೇ ಬಲೆಯನ್ನು ಗೊತ್ತುಮಾಡಿದರು. ಬಾಯಿಯ ವಿಸ್ತೀರ್ಣ 1 ಚದರ ಮೀಟರ್, ಕಣ್ಣಿನ ಅಗಲ 0.33 ಮಿಲಿಮೀಟರ್; 200 ಮೀಟರ್ ಆಳದಿಂದ ನೇರವಾಗಿ ಮೇಲಕ್ಕೆಳೆಯಬೇಕು. ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನು, ಅಂದರೆ ಪ್ರಾಣಿಪ್ಲವಕಗಳನ್ನು, ಹಿಡಿಯುವ ಬಲೆ ಇದು. ಸಮುದ್ರದಲ್ಲಿ ಮೀನಿನ ಬದುಕು ನಿಂತಿರುವುದೇ ಇವುಗಳ ಮೇಲೆ.

ಎರಡನೆಯ ತೀರ್ಮಾನ ಇದಕ್ಕಿಂತ ದೊಡ್ಡದು. ಬಲೆಗೆ ಬಿದ್ದದ್ದನ್ನು ಹಡಗುಗಳು ತಂತಮ್ಮ ದೇಶಕ್ಕೆ ಒಯ್ಯದೆ ಒಂದೇ ಕಡೆ ಒಪ್ಪಿಸಬೇಕು, ಆ ಸ್ಥಳ ಕೊಚ್ಚಿಯಾಗಬೇಕು ಎಂದಾಯಿತು. ಯುನೆಸ್ಕೋ ನೆರವಿನಿಂದ ಅಲ್ಲಿ ಹಿಂದೂ ಮಹಾಸಾಗರ ಜೀವಶಾಸ್ತ್ರ ಕೇಂದ್ರ ತೆರೆಯಿತು. ಭಾರತದ ಕಾರ್ಯಕ್ರಮದ ಹೊಣೆ ಹೊತ್ತವರು ಎನ್.ಕೆ. ಪಣಿಕ್ಕರ್. ಒಂದೂವರೆ ಸಾವಿರಕ್ಕೂ ಹೆಚ್ಚು ಮಾದರಿಗಳು ಅಲ್ಲಿಗೆ ಬಂದವು. ನಮ್ಮ ತರುಣ ಪದವೀಧರರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಜೀವಿಗಳನ್ನು ಗುಂಪುಗುಂಪಾಗಿ ಬೇರ್ಪಡಿಸಿದರು. ಅಡಿಕೆ ಆರಿಸುವಾಗ ಕೈಗೆ ಬೇಕಾಗುವ ತಾಳ್ಮೆ ಅಲ್ಲಿ ಕಣ್ಣಿಗೆ ಬೇಕಾಯಿತು. ಬೇರ್ಪಡಿಸಿದ ಗುಂಪುಗಳು ಹಲವು ದೇಶಗಳ ತಜ್ಞರಿಗೆ ಹೋದವು. ಪ್ಲವಕಗಳ ಅಟ್ಲಾಸುಗಳು 1968ರಿಂದ ಕೊಚ್ಚಿಯಲ್ಲೇ ಸಿದ್ಧವಾದವು. 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿದಾಗ ಈ ಕೇಂದ್ರ ಅದರೊಳಗೆ ಸೇರಿತು, ಪಣಿಕ್ಕರ್ ಅದರ ಮೊದಲ ನಿರ್ದೇಶಕರಾದರು.

ಎಲ್ಲವೂ ಸರಿಸಮವಾಗಿತ್ತೆಂದು ಹೇಳಲಾರೆ. ಅದೇ ಅನ್ವೇಷಣೆಯ ಉಷ್ಣತೆ, ಲವಣಾಂಶಗಳ ಅಟ್ಲಾಸನ್ನು 1971ರಲ್ಲಿ ಹೊರತಂದವರು ಹವಾಯಿ ವಿಶ್ವವಿದ್ಯಾಲಯದ ಕ್ಲಾಸ್ ವಿರ್ಟ್ಕಿ. ಹಣವೂ ಗಣಕಯಂತ್ರವೂ ಇದ್ದ ಕಡೆಗೇ ಅಂಕಿಗಳು ಹರಿದವು ಎಂಬುದು ನನ್ನ ಅನಿಸಿಕೆ. ಮಾದರಿಗಳು ಮಾತ್ರ ಇಲ್ಲಿ ಉಳಿದವು, ಏಕೆಂದರೆ ಅವು ಎಲ್ಲಿರಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ, ಹೊರದೇಶದವರು ಸಂಶೋಧನೆಗಾಗಿ ನಮ್ಮ ಜೀವಸಂಪತ್ತನ್ನು ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಕೇಂದ್ರದ ಮಾರ್ಗಸೂಚಿಗೆ ಒಳಪಟ್ಟ ಸಹಯೋಗದ ಯೋಜನೆಗಳಿಗೆ ಇದರಲ್ಲಿ ವಿನಾಯಿತಿಯುಂಟು. ವಿನಾಯಿತಿ ಇದ್ದಲ್ಲಿ ಒಡಂಬಡಿಕೆಯ ಒಕ್ಕಣೆಯೇ ನಮಗಿರುವ ಆಧಾರ. ಮಾದರಿ ಎಲ್ಲಿರುತ್ತದೆ, ಅದನ್ನು ಗುರುತಿಸಲು ನಮ್ಮವರಲ್ಲಿ ಯಾರು ಕಲಿಯುತ್ತಾರೆ, ಪ್ರಬಂಧದಲ್ಲಿ ಯಾರ ಹೆಸರಿರುತ್ತದೆ ಎಂಬುದು ಅದರಲ್ಲಿ ಇರಬೇಕು.

ಕಾಳಿ ಸಮುದ್ರ ಸೇರುವ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಓದಲು ಹೋದರೆ, ಹೊರದೇಶದವರೊಡನೆ ಮಾಡಿಕೊಂಡ ಒಡಂಬಡಿಕೆಯ ಪ್ರತಿಯನ್ನು ಕೇಳಿ ಪಡೆದು ಓದಿ.