ತಮಕಶ್ವಾಸವೂ ಅದರ ಯಾಪನವೂ



ಗೂರಲು, ಉಬ್ಬಸ, ದಮ್ಮು ಎಂದು ನಮ್ಮ ಜನರು ನಾನಾ ಹೆಸರುಗಳಿಂದ ಕರೆಯುವ ವ್ಯಾಧಿಯನ್ನು ಕಾಣದ ಬೀದಿಯು ವಿರಳ. ರಾತ್ರಿಯ ಕಡೆಯ ಜಾವದಲ್ಲಿ ಮನೆಯವರೆಲ್ಲರೂ ನಿದ್ರಿಸುತ್ತಿರುವಾಗ ರೋಗಿಯೊಬ್ಬನೇ ಎದ್ದು ಕುಳಿತು, ಎರಡು ಕೈಗಳನ್ನೂ ಊರಿಕೊಂಡು, ಉಸಿರಿಗಾಗಿ ಹೋರಾಡುವನು. ಇದರ ವಿಷಯದಲ್ಲಿ ನಮ್ಮ ಪ್ರಾಚೀನರು ಕಂಡುಕೊಂಡುದೇನು, ಅದರಲ್ಲಿ ಇಂದಿಗೂ ಗ್ರಾಹ್ಯವಾದುದೆಷ್ಟು ಎಂಬುದನ್ನು ಈ ಹೊತ್ತು ಪರಿಶೀಲಿಸೋಣ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆಗೂ ಶ್ವಾಸರೋಗಗಳಿಗೂ ಮೀಸಲಾದುದು. ಅಲ್ಲಿ ಶ್ವಾಸವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸಿದೆ. ಮೊದಲ ಮೂರು ಪ್ರಾಣಾಂತಿಕವಾದುವು; ಕಡೆಯದು ದುಡಿಮೆಯಿಂದ ಬಂದು ವಿಶ್ರಾಂತಿಯಿಂದ ಹೋಗುವ ಏದುಸಿರು. ಉಳಿದ ತಮಕಶ್ವಾಸವೇ ನಮ್ಮ ಉಬ್ಬಸ. ಅದರ ವರ್ಣನೆಯನ್ನು ಓದಿದರೆ ಆಚಾರ್ಯನು ರೋಗಿಯ ಪಕ್ಕದಲ್ಲಿ ಇರುಳೆಲ್ಲ ಕುಳಿತಿದ್ದನೋ ಎನ್ನಿಸುತ್ತದೆ. ಗಂಟಲಲ್ಲಿ ಗುರುಗುರು ಸದ್ದು; ಮಲಗಿದರೆ ಸಂಕಟ, ಕುಳಿತರೆ ಸಮಾಧಾನ; ಹಣೆಯ ಮೇಲೆ ಬೆವರು; ಬಿಸಿಯಾದುದರ ಮೇಲೆ ಆಸೆ; ಕಫವು ಕಿತ್ತುಬಂದರೆ ಮುಹೂರ್ತಕಾಲ ಸುಖ. ಮೋಡ, ಮಳೆ, ಚಳಿ, ಮೂಡಣ ಗಾಳಿ ಇವುಗಳಿಂದ ಉಲ್ಬಣ. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕಫವು ದಾರಿಯನ್ನು ಕಟ್ಟಲು ವಾಯುವು ತಿರುಗಿ ಬೀಳುವುದೆಂಬುದು ಶಾಸ್ತ್ರದ ಮತ. ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಸುತ್ತಣ ಸ್ನಾಯುಗಳು ಬಿಗಿದು, ಲೋಳೆ ತುಂಬುವುದೆಂದು ಈಗಿನ ವಿಜ್ಞಾನವು ಹೇಳುತ್ತದೆ. ಎರಡೂ ಒಂದೇ ಎಂದು ಸಾಧಿಸುವ ಹಟ ನಮಗಿಲ್ಲ. ಆದರೆ ಧೂಳು, ಹೊಗೆ, ಶೀತಸ್ಥಾನ ಇವು ರೋಗಕ್ಕೆ ಕಾರಣವೆಂಬಲ್ಲಿ ಉಭಯರಿಗೂ ಒಮ್ಮತವುಂಟು. ಸೌದೆಯ ಒಲೆ, ಊದುಬತ್ತಿ, ಹಳೆಯ ಹಾಸಿಗೆಯ ದೂಳು, ಬಯಲುಗಳನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡ, ಇವುಗಳಿಂದ ದೂರವಿರುವುದೇ ಅರ್ಧ ಚಿಕಿತ್ಸೆ. ಮೊಸರು, ಉದ್ದು, ಜಲಚರಗಳ ಮಾಂಸ ಇವುಗಳನ್ನೂ ಚರಕನು ಕಾರಣಗಳಲ್ಲಿ ಎಣಿಸಿದ್ದಾನೆ. ಪ್ರತಿವರ್ಷವೂ ಮೃಗಶಿರೆಯ ಹೊತ್ತಿಗೆ ಹೈದರಾಬಾದಿನಲ್ಲಿ ಸಹಸ್ರಾರು ರೋಗಿಗಳು ಔಷಧವಿಟ್ಟ ಜೀವಂತ ಮೀನನ್ನು ನುಂಗುತ್ತಾರಷ್ಟೆ; ಆಚಾರ್ಯನು ಅದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಚಿಕಿತ್ಸೆಯಲ್ಲಿ ಮೊದಲು ಉಪ್ಪು ಬೆರೆಸಿದ ಎಣ್ಣೆಯನ್ನು ಎದೆಗೆ ಸವರಿ ಬೆವರಿಸಬೇಕು. ಬಲಿಷ್ಠನಾದ ಕಫಾಧಿಕನಿಗೆ ಮಾತ್ರ ವಮನ, ವಿರೇಚನಗಳು. ದುರ್ಬಲನಿಗೆ, ಬಾಲವೃದ್ಧರಿಗೆ ಶಮನವೇ ಸರಿ. ಶುಂಠಿ, ಹಿಪ್ಪಲಿ, ನೆಲಗುಳ್ಳ, ಪುಷ್ಕರಮೂಲ ಮುಂತಾದುವು ಈ ಕಾರ್ಯದಲ್ಲಿ ಪ್ರಸಿದ್ಧ. ನಮ್ಮ ಬೇಲಿಯ ಆಡುಸೋಗೆಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ಅದರಲ್ಲಿರುವ ವಾಸಿಸಿನ್ ಎಂಬ ಸಾರವನ್ನು ಅನುಸರಿಸಿಯೇ, ಕಫವನ್ನು ತೆಳುಮಾಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವು ನಿರ್ಮಿತವಾಗಿ 1960ರ ದಶಕದಲ್ಲಿ ಬಳಕೆಗೆ ಬಂದಿತು. ಹಾಗೆಂದು ಗರ್ಭಿಣಿಯರಿಗೆ ಆಡುಸೋಗೆಯನ್ನು ಕೊಡಲಾಗದು. ಉಮ್ಮತ್ತದ ಎಲೆಯ ಹೊಗೆಯನ್ನು ಸೇದುವ ಪದ್ಧತಿಯು 19ನೆಯ ಶತಮಾನದ ಆದಿಯಲ್ಲಿ ಮದರಾಸಿನಿಂದ ಬ್ರಿಟನ್ನಿಗೂ ಹೋಯಿತು. ಅದು ನಾಳಗಳನ್ನು ಸಡಿಲಿಸುವುದು ದಿಟ. ಆದರೆ ಅದು ವಿಷ. ಪ್ರಮಾಣ ತಪ್ಪಿದರೆ ಭ್ರಮೆ, ಮರಣ. ಯಾರೂ ಅದನ್ನು ಮನೆಯಲ್ಲಿ ಪ್ರಯೋಗಿಸಕೂಡದು.

ಇನ್ನು ನಾವು ಮುಖ್ಯವಾಗಿ ಹೇಳಬಂದ ಮಾತು. ತಮಕಶ್ವಾಸವು ಹೊಸದಾಗಿದ್ದರೆ ಸಾಧ್ಯ, ಇಲ್ಲವಾದರೆ ಯಾಪ್ಯ ಎಂದು ಚರಕನೇ ಹೇಳಿದ್ದಾನೆ. ಯಾಪ್ಯವೆಂದರೆ ಬೇರುಸಹಿತ ಕೀಳಲಾಗದ, ಆದರೆ ಔಷಧಪಥ್ಯಗಳಿಂದ ಹಿಡಿತದಲ್ಲಿಡಬಹುದಾದ ರೋಗ. ಹೀಗಿರಲು, ನಲವತ್ತು ದಿನಗಳಲ್ಲಿ ನಿರ್ಮೂಲ ಮಾಡುವೆವೆಂದು ಸಾರುವವರು ಯಾವ ಶಾಸ್ತ್ರವನ್ನು ಓದಿದವರೋ ತಿಳಿಯದು. ಅಂಥವರ ಪುಡಿಗಳಲ್ಲಿ ಕೆಲವೊಮ್ಮೆ ಸ್ಟಿರಾಯ್ಡ್ ಬೆರೆತಿರುವುದುಂಟು. ಬೇಗನೆ ಗುಣ ಕಾಣುವುದಕ್ಕೆ ಅದೇ ಕಾರಣ; ಹೆಸರಿಲ್ಲದ ಪುಡಿಯನ್ನು ಮುಟ್ಟಬಾರದು.

ಅದಕ್ಕಿಂತಲೂ ಭಯಂಕರವಾದುದು ಮತ್ತೊಂದು. ಕಷಾಯವನ್ನು ಆರಂಭಿಸಿದೊಡನೆ, ದಿನವೂ ಸೇದುತ್ತಿದ್ದ ಇನ್‌ಹೇಲರನ್ನು ಹಲವರು ನಿಲ್ಲಿಸಿಬಿಡುತ್ತಾರೆ. ಅದು ಚಟವಾಗುವುದೆಂಬ ಅಂಜಿಕೆ. ಅದು ಚಟವಲ್ಲ. ಊತವನ್ನು ಅಡಗಿಸುವ ಸೇದುವ ಸ್ಟಿರಾಯ್ಡು 1972ರಲ್ಲಿ ಬಳಕೆಗೆ ಬಂದ ಮೇಲೆ ಎಷ್ಟೋ ಜೀವಗಳು ಉಳಿದಿವೆ. ಅಲ್ಪಪ್ರಮಾಣವು ನೇರವಾಗಿ ನಾಳಕ್ಕೆ ತಲಪುವುದರಿಂದ ಅದರ ಬಾಧೆಯೂ ಅಲ್ಪ. ಹಟಾತ್ತಾಗಿ ಬಿಟ್ಟರೆ ಅಡಗಿದ್ದ ಊತವು ಮರಳುವುದು. ಆಯುರ್ವೇದದ ಕಡೆಯವರಾದ ನಾವೇ ಇದನ್ನು ಹೇಳುತ್ತಿದ್ದೇವೆ: ಪಥ್ಯವನ್ನೂ ಕಷಾಯವನ್ನೂ ಅದರ ಜೊತೆಯಲ್ಲಿ ಇಟ್ಟುಕೊಳ್ಳಿರಿ, ಎರಡು ಕಡೆಯ ವೈದ್ಯರಿಗೂ ತಿಳಿಸಿರಿ, ಕಡಮೆಮಾಡುವುದನ್ನು ಅವರಿಗೇ ಬಿಡಿರಿ.

ರೋಗಿಯು ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾರದೆ ಹೋದರೆ, ತುಟಿ ಉಗುರುಗಳು ನೀಲಿಗಟ್ಟಿದರೆ, ಇನ್‌ಹೇಲರಿನಿಂದಲೂ ಉಪಶಮನ ಕಾಣದಿದ್ದರೆ, ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿಯು ಮಂಕಾದರೆ ಗುಣವಾಯಿತೆಂದು ಬಗೆಯಬಾರದು. ಗಾಳಿಯೇ ಆಡುತ್ತಿಲ್ಲವೆಂದು ಅದರ ಅರ್ಥ. ಆ ಗಳಿಗೆಯಲ್ಲಿ ಕಷಾಯ ಕಾಯಿಸುತ್ತ ಕೂರುವಂತಿಲ್ಲ.