ವಂಶವೃಕ್ಷಗಳನ್ನು ಕೂಡಿಸುವಾಗ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ತಮ್ಮ ಮನೆತನದ ಮೂಲವನ್ನು ಅರಿಯಬೇಕೆಂಬ ಹಂಬಲ ಅನೇಕ ಕುಟುಂಬಗಳಲ್ಲಿ ಮೂಡಿರುವುದು ಸಹಜವೇ ಆಗಿದೆ. ಅಣ್ಣನ ಮಗ ಬೆಂಗಳೂರಿನಲ್ಲಿ, ತಂಗಿಯ ಮಗಳು ಮುಂಬಯಿಯಲ್ಲಿ, ಚಿಕ್ಕಪ್ಪನ ಮೊಮ್ಮಗ ಕೊಲ್ಲಿ ದೇಶದಲ್ಲಿ ಕುಳಿತು, ತಮತಮಗೆ ತಿಳಿದಷ್ಟನ್ನು ಗಣಕಯಂತ್ರದಲ್ಲಿ ಬರೆದಿಟ್ಟಿರುತ್ತಾರೆ. ಮುತ್ತಜ್ಜ ಒಬ್ಬನೇ; ವಂಶವೃಕ್ಷದ ಕಡತಗಳು ಮೂರು. ಇವನ್ನು ಒಂದುಗೂಡಿಸುವ ಬಗೆ ಹೇಗೆ ಎಂಬುದೇ ನನಗೆ ವಹಿಸಿರುವ ವಿಷಯ.

ಮೊದಲಿಗೇ ಒಂದು ಮಾತನ್ನು ಹೇಳಿಬಿಡುತ್ತೇನೆ. ಕಡತಗಳನ್ನು ಕೂಡಿಸುವುದು ಕ್ಷಣಮಾತ್ರದ ಕೆಲಸ. ಆದರೆ ಎರಡು ಕಡತಗಳಲ್ಲಿರುವ ಎರಡು ಹೆಸರುಗಳು ಒಬ್ಬನೇ ವ್ಯಕ್ತಿಯವು ಎಂದು ನಿರ್ಣಯಿಸುವುದು ತಾಳ್ಮೆಯ ಕೆಲಸ, ಸಾಕ್ಷ್ಯದ ಕೆಲಸ. ಅದನ್ನು ಯಂತ್ರಕ್ಕೆ ಬಿಟ್ಟುಕೊಡಲಾಗದು.

ವಂಶಾವಳಿಯ ತಂತ್ರಾಂಶಗಳು ಹಲವಾರು ಇವೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದಬೇಕಾದರೆ ಎರಡಕ್ಕೂ ಸಾಮಾನ್ಯವಾದ ಭಾಷೆಯೊಂದು ಬೇಕು. ಅಮೆರಿಕದ ಮಾರ್ಮನ್ ಸಭೆಯವರು 1984ರಲ್ಲಿ ರೂಪಿಸಿದ ‘ಜೆಡ್‌ಕಾಮ್’ ಎಂಬ ಕ್ರಮವೇ ಆ ಭಾಷೆ. ಅದರಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಗಂಡ, ಹೆಂಡತಿ, ಮಕ್ಕಳನ್ನು ಕುಟುಂಬವೆಂಬ ದಾಖಲೆ ಒಂದಾಗಿ ಕಟ್ಟುತ್ತದೆ. ಆದರೆ ಆ ಸಂಖ್ಯೆ ಆಯಾ ಕಡತದೊಳಗೆ ಮಾತ್ರ ಸಲ್ಲುವಂಥದು. ನಿಮ್ಮ ಕಡತದ ಒಂದನೆಯ ವ್ಯಕ್ತಿ ನಿಮ್ಮ ಅಜ್ಜನಾಗಿರಬಹುದು, ಮುಂಬಯಿಯ ಕಡತದ ಒಂದನೆಯ ವ್ಯಕ್ತಿ ಅಲ್ಲಿಯ ಮಗುವಾಗಿರಬಹುದು. ಆದುದರಿಂದ ಒಂದು ಕಡತದೊಳಕ್ಕೆ ಇನ್ನೊಂದನ್ನು ತಂದಾಗ, ಉದಾಹರಣೆಗೆ ಉಚಿತವಾಗಿ ದೊರೆಯುವ ‘ಗ್ರಾಂಪ್ಸ್’ ತಂತ್ರಾಂಶದಲ್ಲಿ, ಎಲ್ಲರೂ ಹೊಸಬರಾಗಿಯೇ ಬಂದು ಸೇರುತ್ತಾರೆ. ಒಬ್ಬ ಮುತ್ತಜ್ಜನ ಬದಲು ಇಬ್ಬರು ನಿಲ್ಲುತ್ತಾರೆ. ಆಮೇಲೆ ಅವರನ್ನು ಗುರುತಿಸಿ ಒಂದಾಗಿಸುವ ಹೊಣೆ ನಮ್ಮದು.

ಇಬ್ಬರು ಒಬ್ಬನೇ ಇರಬಹುದೆಂದು ಸೂಚಿಸುವ ಸಾಧನವೂ ಈ ತಂತ್ರಾಂಶಗಳಲ್ಲಿ ಉಂಟು. ಅದು ಹೆಸರು, ದಿನಾಂಕ, ಬಂಧುತ್ವಗಳನ್ನು ಹೋಲಿಸಿ ನೋಡುತ್ತದೆ. ಆದರೆ ನಮ್ಮ ಹೆಸರುಗಳ ಮರ್ಮ ಅದಕ್ಕೆ ತಿಳಿಯದು. ಮನೆಯವರೆಲ್ಲ ರಾಯಪ್ಪ ಎಂದು ಕರೆದವನು ಪುಸ್ತಕದಲ್ಲಿ ಪೀಟರ್, ಚಿನ್ನಪ್ಪನೇ ಪೌಲ್, ಅರುಳಪ್ಪನೇ ಜಾನ್, ಇನ್ನಾಸಪ್ಪನೇ ಇಗ್ನೇಷಿಯಸ್. ಹಳೆಯ ದಾಖಲೆ ಲತೀನ್ ಭಾಷೆಯಲ್ಲಿದ್ದರೆ ಜೋಸೆಫ್ ಅಲ್ಲಿ ಜೋಸೆಫುಸ್ ಆಗಿರುತ್ತಾನೆ; ಕರಾವಳಿಯ ಕೊಂಕಣಿ ಮನೆಯಲ್ಲಿ ಜುಜೆ ಆಗಿರುತ್ತಾನೆ. ಒಬ್ಬನನ್ನೇ ಮೂವರೆಂದು ಯಂತ್ರ ತಿಳಿಯುವುದು ಹೀಗೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಘೋರವಾದುದು. ಜ್ಞಾನಸ್ನಾನದ ಪುಸ್ತಕದಲ್ಲಿ ಅದೇ ತಂದೆ, ಅದೇ ತಾಯಿ, ಅಂತೋಣಿ ಎಂಬ ಶಿಶು. ಎರಡು ವರ್ಷಗಳ ನಂತರ ಮತ್ತೆ ಅದೇ ತಂದೆತಾಯಿಯರಿಗೆ ಅಂತೋಣಿ ಎಂಬ ಶಿಶು ಎಂದಿದೆ ಎನ್ನೋಣ. ದಿನಾಂಕ ತಪ್ಪಾಗಿರಬೇಕೆಂದು ನಾವು ಇಬ್ಬರನ್ನೂ ಒಂದಾಗಿಸಿಬಿಡುತ್ತೇವೆ. ಆದರೆ ಮೊದಲ ಕೂಸು ತೀರಿಹೋದರೆ ಅದರ ಹೆಸರನ್ನೇ ಮುಂದಿನ ಕೂಸಿಗೆ ಇಡುವ ರೂಢಿ ಹಿಂದೆ ಅನೇಕ ಮನೆಗಳಲ್ಲಿತ್ತು. ಮರಣದ ಪುಸ್ತಕವನ್ನು ತೆರೆದು ನೋಡಿದರೆ ಆ ಮೊದಲ ಶಿಶುವಿನ ಸಮಾಧಿಯ ದಾಖಲೆ ಅಲ್ಲಿ ಇದ್ದೀತು. ಹತ್ತೇ ದಿನ ಬದುಕಿದ ಆ ಕಂದನಿಗೆ ಜಗತ್ತಿನಲ್ಲಿ ಉಳಿದಿರುವ ಗುರುತು ಆ ಎರಡು ಸಾಲುಗಳು ಮಾತ್ರ. ನಮ್ಮ ಆತುರದ ಒಂದು ಒತ್ತಿನಿಂದ ಅದು ವಂಶದಿಂದಲೇ ಅಳಿಸಿಹೋಗುತ್ತದೆ. ತಾಯಿಯೊಬ್ಬಳು ಅತ್ತ ಮಗುವನ್ನು ಮೊಮ್ಮಕ್ಕಳು ಹುಟ್ಟಲೇ ಇಲ್ಲವೆಂದು ಬರೆದಂತಾಗುತ್ತದೆ.

ಇಂಥ ಸಂದೇಹಗಳನ್ನು ಪರಿಹರಿಸುವ ನಿಧಿ ನಮ್ಮ ದೇವಾಲಯಗಳಲ್ಲಿಯೇ ಇದೆ. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು, ಜ್ಞಾನಸ್ನಾನದಲ್ಲಿ ಜ್ಞಾನತಂದೆತಾಯಿಯರ ಹೆಸರನ್ನು ಬರೆಯಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲಿ ವಿಧಿಸಿತು. ಜ್ಞಾನಸ್ನಾನದ ಪುಸ್ತಕದಲ್ಲಿ ಆ ವ್ಯಕ್ತಿಯ ದೃಢೀಕರಣ, ವಿವಾಹ ಮುಂತಾದವನ್ನೂ ನಮೂದಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಹೇಳುತ್ತದೆ. ಪುಟದ ಅಂಚಿನಲ್ಲಿ ಹೀಗೆ ವಿವಾಹದ ಟಿಪ್ಪಣಿ ಇದ್ದರೆ, ಅಂದು ನೀರೆರೆಸಿಕೊಂಡ ಶಿಶುವೇ ಮುಂದೆ ಮದುವೆಯಾದ ವರನೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇದು ಕೇವಲ ಕುತೂಹಲದ ಮಾತೂ ಅಲ್ಲ. ಅದೇ ಸಂಹಿತೆಯ 1091ನೆಯ ವಿಧಿಯಂತೆ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳ ನಡುವಣ ವಿವಾಹಕ್ಕೆ ವಿನಾಯಿತಿ ಪಡೆಯದೆ ಮಾನ್ಯತೆಯಿಲ್ಲ. ತಪ್ಪಾಗಿ ಕೂಡಿಸಿದ ವಂಶವೃಕ್ಷ ಇಲ್ಲದ ಬಂಧುತ್ವವನ್ನು ತೋರಿಸಬಹುದು, ಇರುವ ಬಂಧುತ್ವವನ್ನು ಮರೆಸಲೂಬಹುದು.

ಎರಡು ಕಡತಗಳು ಒಂದಕ್ಕೊಂದು ಒಪ್ಪದಿದ್ದರೆ ಏನು ಮಾಡಬೇಕು? ಈ ಸಮಸ್ಯೆ ಹೊಸದಲ್ಲ. ಸಂತ ಜೋಸೆಫರ ತಂದೆ ಯಕೋಬ ಎಂದು ಮತ್ತಾಯನ ಶುಭಸಂದೇಶ ಹೇಳಿದರೆ, ಹೇಲಿ ಎಂದು ಲೂಕನ ಶುಭಸಂದೇಶ ಹೇಳುತ್ತದೆ. ಎರಡನೆಯ ಶತಮಾನದಲ್ಲಿ ತಾತಿಯಾನ ಎಂಬುವರು ನಾಲ್ಕು ಶುಭಸಂದೇಶಗಳನ್ನು ಒಂದೇ ಕಥನವಾಗಿ ಹೆಣೆದರು. ಅದರಲ್ಲಿ ಈ ವಂಶಾವಳಿಗಳನ್ನು ಬಿಟ್ಟುಬಿಡಲಾಗಿತ್ತೆಂದು ಐದನೆಯ ಶತಮಾನದ ಧರ್ಮಾಧ್ಯಕ್ಷ ಥಿಯೊಡೊರೆಟ್ ಬರೆದಿದ್ದಾರೆ. ಧರ್ಮಸಭೆಯಾದರೋ ನಾಲ್ಕನ್ನೂ, ಎರಡು ವಂಶಾವಳಿಗಳ ಸಮೇತ, ಉಳಿಸಿಕೊಂಡಿತು. ಒಂದಾಗಿಸುವ ಅವಸರದಲ್ಲಿ ಯಾವ ಸಾಕ್ಷಿಯ ಬಾಯನ್ನೂ ಮುಚ್ಚಬಾರದೆಂಬ ಪಾಠ ನಮಗೂ ಇದರಿಂದ ದೊರೆಯುತ್ತದೆ. ಅಜ್ಜಿಯ ಜನ್ಮವರ್ಷ ಒಂದು ಕಡೆ 1911, ಇನ್ನೊಂದು ಕಡೆ 1913 ಎಂದಿದ್ದರೆ ಎರಡನ್ನೂ ಇರಿಸಿ, ಯಾವುದು ಎಲ್ಲಿಂದ ಬಂದಿತೆಂದು ಬರೆಯಿರಿ.

ಇನ್ನು ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಪ್ರತಿಯೊಂದು ಕಡತದ ಮೂಲಪ್ರತಿಯನ್ನು ಬೇರೆಡೆ ಭದ್ರವಾಗಿರಿಸಿ. ಒಂದಾದ ಇಬ್ಬರನ್ನು ಮತ್ತೆ ಬೇರ್ಪಡಿಸುವುದು ಬಲು ಕಷ್ಟ. ಹೊಸದಾಗಿ ಬಂದ ಕಡತವನ್ನು ಮೊದಲು ಖಾಲಿ ವೃಕ್ಷವೊಂದರಲ್ಲಿ ತೆರೆದು ಪರೀಕ್ಷಿಸಿ. ಹೆಸರುಗಳನ್ನು ಎಲ್ಲರೂ ಒಂದೇ ಲಿಪಿಯಲ್ಲಿ, ಕನ್ನಡವಾದರೆ ಯೂನಿಕೋಡ್‌ನಲ್ಲಿ, ಬರೆಯಲು ಒಪ್ಪಿಕೊಳ್ಳಿ; ಮನೆಯ ಹೆಸರನ್ನು ಪರ್ಯಾಯ ಹೆಸರಾಗಿ ಸೇರಿಸಿ. ಹೆಸರೊಂದೇ ಸಾಲದು, ತಂದೆತಾಯಿ, ಸಂಗಾತಿ, ಊರು, ದಿನಾಂಕ ಇವುಗಳಲ್ಲಿ ಕಡೆಯ ಪಕ್ಷ ಎರಡಾದರೂ ಹೊಂದಬೇಕು. ಅದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇರಬಾರದು. ಕೂಡಿಸಿದ ಮೇಲೆ ಆ ವ್ಯಕ್ತಿಗೆ ಎರಡು ಜೊತೆ ತಂದೆತಾಯಿಯರು ಉಳಿದಿರುವರೇ ಎಂದು ನೋಡಿ, ಅವರನ್ನೂ ಪರಿಶೀಲಿಸಿ. ಹಳೆಯ ಜೆಡ್‌ಕಾಮ್ ಕಡತದೊಂದಿಗೆ ಭಾವಚಿತ್ರಗಳು ಬರುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ. ಬದುಕಿರುವವರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹಂಚಬೇಡಿ. ನಿಶ್ಚಯವಾಗದಿದ್ದರೆ ಇಬ್ಬರನ್ನೂ ಹಾಗೆಯೇ ಬಿಡಿ. ಬೇರೆಯಾಗಿ ಉಳಿದವರನ್ನು ನಾಳೆ ಕೂಡಿಸಬಹುದು. ಕಳೆದುಹೋದವರನ್ನು ಹುಡುಕಿ ತರುವುದು ಸುಲಭವಲ್ಲ.

ಬಂಧುಗಳೇ, ರಾಯಪ್ಪನೇ ಪೀಟರ್ ಎಂದು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ತಂತ್ರಾಂಶಕ್ಕೂ ಇಲ್ಲದ ತಿಳಿವಳಿಕೆ ಅವರದು. ಶತಮಾನೋತ್ಸವದ ಈ ವರ್ಷ ಮುಗಿಯುವುದರೊಳಗೆ ಪ್ರತಿಯೊಂದು ಮನೆಯ ಯುವಕ ಯುವತಿಯರೂ ಅವರ ಬಳಿ ಕುಳಿತು ಹೆಸರುಗಳನ್ನು ಬರೆದುಕೊಳ್ಳಲಿ ಎಂದು ಬೇಡಿಕೊಳ್ಳುತ್ತೇನೆ.