ಪಟವಾರಿ ಓದಿದ ಕಾಗದ

(ಮಹಿಳಾ ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳು)



ಭಾಷೆಯ ಬಗ್ಗೆ ನಾಲ್ಕು ಮಾತಾಡಿ ಎಂದಾಗ ನನಗೆ ಮೊದಲು ನೆನಪಾದವರು ನಮ್ಮಜ್ಜಿ. ರಾಯಚೂರು ಜಿಲ್ಲೆಯ ಹಳ್ಳಿಯವರು. ಆಗ ಅದು ನಿಜಾಮರ ಸಂಸ್ಥಾನ. ಅಜ್ಜ ಇದೇ ಹೈದರಾಬಾದಿನಲ್ಲಿ ಗುಮಾಸ್ತರಾಗಿದ್ದರು. ಶಾಲೆಯಲ್ಲಿ ಕಲಿತದ್ದು ಉರ್ದು, ಬರೆಯಲು ಬರುತ್ತಿದ್ದುದೂ ಅದೊಂದೇ. ಅಜ್ಜಿಗೆ ಅವರಪ್ಪ ಮರಳಿನ ಮೇಲೆ ತಿದ್ದಿಸಿದ ಕನ್ನಡ ಮಾತ್ರ ಬರುತ್ತಿತ್ತು. ಇಬ್ಬರೂ ಆಡುವ ಮಾತು ಕನ್ನಡವೇ. ಆದರೆ ಗಂಡನ ಕಾಗದ ಬಂದರೆ ಹೆಂಡತಿ ಓದಲಾರಳು!

"ಪಟವಾರಿ ಮನಿಗೆ ಹೋಗಿ ಓದಿಸ್ಕೊಂಡು ಬರ್ತಿದ್ದೆ. ಅವ ಓದ್ತಾ ಓದ್ತಾ ನಗ್ತಿದ್ದ. ನನಗ ಭೂಮಿಗೆ ಇಳದಂಗ ಆಗ್ತಿತ್ತು" ಎನ್ನುತ್ತಿದ್ದರು ಅಜ್ಜಿ.

ಇದು ಒಂದು ಮನೆಯ ಕಥೆಯಲ್ಲ. ಸಂಸ್ಥಾನದಲ್ಲಿ ಉರ್ದು ಮನೆಮಾತಿನವರು ಸುಮಾರು ಹತ್ತರಲ್ಲಿ ಒಬ್ಬರು. ಉಳಿದವರಲ್ಲಿ ಹೆಚ್ಚಿನವರು ತೆಲುಗು, ಮರಾಠಿ, ಕನ್ನಡದವರು. ಆದರೂ ಕಚೇರಿ, ಕೋರ್ಟು, ಮೇಲಿನ ಓದು ಹೆಚ್ಚಾಗಿ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಖಾಸಗಿ ಶಾಲೆ ತೆರೆಯಲು, ಸಭೆ ನಡೆಸಲು ಸರ್ಕಾರದ ಅಪ್ಪಣೆ ಬೇಕು. 'ಕವಿರಾಜಮಾರ್ಗ' ಹುಟ್ಟಿದ ಮಳಖೇಡ, ಬಸವಣ್ಣನವರ ಕಲ್ಯಾಣ ಇದ್ದದ್ದು ಈ ಸಂಸ್ಥಾನದೊಳಗೇ!

ತಪ್ಪು ಉರ್ದುವಿನದಲ್ಲ. ಅದು ನಮ್ಮ ನೆರೆಮನೆಯ ಸಿಹಿಯಾದ ಭಾಷೆ. ಒಂದೇ ಭಾಷೆಗೆ ಬಾಗಿಲು ತೆರೆದು ಉಳಿದವಕ್ಕೆ ಮುಚ್ಚಿದ ಆಳ್ವಿಕೆಯದು ತಪ್ಪು. ಅಂಥ ಕಾಲದಲ್ಲೂ ಕಲಬುರ್ಗಿಯಲ್ಲಿ 1928ರಲ್ಲಿ, ರಾಯಚೂರಿನಲ್ಲಿ 1934ರಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ನಮ್ಮ ಹಿರಿಯರಿಗೆ ಕೈ ಮುಗಿಯಬೇಕು.

ದೂರದ ಸ್ಪೇನಿನಲ್ಲೂ ಹೀಗೇ ಆಯಿತು. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಬಾಸ್ಕ್, ಕೆಟಲಾನ್ ಭಾಷೆಗಳನ್ನು ಶಾಲೆ, ಕಚೇರಿಗಳಿಂದ ಹೊರಗಟ್ಟಿದರು. ಮಗುವಿಗೆ ಬಾಸ್ಕ್ ಹೆಸರಿಟ್ಟು ನೋಂದಾಯಿಸಲೂ ಬಿಡಲಿಲ್ಲ. ಆಗ ಸಾನ್ ಸೆಬಾಸ್ಟಿಯನ್ ಊರಿನ ಶಿಕ್ಷಕಿ ಎಲ್ಬಿರಾ ಸಿಪಿತ್ರಿಯಾ, 1940ರ ದಶಕದಲ್ಲಿ, ನಾಲ್ಕಾರು ಮಕ್ಕಳನ್ನು ಮನೆಯಲ್ಲೇ ಕೂಡಿಸಿಕೊಂಡು ಸದ್ದಿಲ್ಲದೆ ಬಾಸ್ಕ್‌ನಲ್ಲಿ ಪಾಠ ಹೇಳಿದರು. ಮುಂದೆ ಬಾಸ್ಕ್ ಶಾಲೆಗಳು ಬೆಳೆದದ್ದು ಅಂಥ ಮನೆಗಳಿಂದಲೇ.

ನಮ್ಮಜ್ಜಿಗೆ ಎಲ್ಬಿರಾ ಹೆಸರು ಗೊತ್ತಿರಲಿಲ್ಲ. ಅವರು ಮಾಡಿದ್ದೂ ಅದನ್ನೇ. ಅಜ್ಜ ರಜೆಗೆ ಬಂದಾಗ ಸ್ಲೇಟು ಮುಂದಿಟ್ಟು, "ಇದನ್ನ ಕಲೀರಿ, ಇಲ್ಲಾಂದ್ರ ಕಾಗದ ಬರೀಬ್ಯಾಡ್ರಿ" ಅಂದರಂತೆ. ಅಜ್ಜ ಕಲಿತರು. ಅವರ ಸೊಟ್ಟ ಅಕ್ಷರದ ಒಂದು ಕಾರ್ಡು ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಇರುವುದು ಇಷ್ಟೇ: ಮಳೆ ಆಯಿತೇ, ಎಮ್ಮೆ ಈಯಿತೇ.

1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. 1956ರಲ್ಲಿ ರಾಯಚೂರು, ಕಲಬುರ್ಗಿ, ಬೀದರ್ ಕನ್ನಡ ನಾಡಿಗೆ ಸೇರಿದವು. ಹೈದರಾಬಾದಿನ ನಾವು ಇಲ್ಲೇ ಉಳಿದೆವು.

ಈಗ ನಮ್ಮನ್ನು ಯಾರೂ ತಡೆಯುತ್ತಿಲ್ಲ. ಆದರೆ ನಾನು ಮೊಮ್ಮಗಳಿಗೆ ವಾಟ್ಸಾಪಿನಲ್ಲಿ ಕನ್ನಡದಲ್ಲಿ ಬರೆದರೆ, ಅವಳು ಅಮ್ಮನ ಹತ್ತಿರ ಓದಿಸಿಕೊಳ್ಳುತ್ತಾಳೆ. ಮತ್ತೆ ಪಟವಾರಿ! ಈ ಸಲ ಅವನನ್ನು ಕರೆತಂದವರು ನಾವೇ. ನನ್ನ ಮಗಳಿಗೆ ಕಲಿಸಿದ ನಾನು ಮೊಮ್ಮಗಳ ವಿಷಯದಲ್ಲಿ, "ಪಾಪ, ಹೋಂವರ್ಕೇ ಎಷ್ಟಿದೆ" ಎಂದು ಸುಮ್ಮನಾದೆ.

ಕಳೆದ ತಿಂಗಳಿಂದ ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ಐದೈದು ಅಕ್ಷರ ತಿದ್ದಿಸುತ್ತಿದ್ದೇನೆ. 'ಳ' ಬರೆಯಲು ಒದ್ದಾಡುತ್ತಾಳೆ, ನಗುತ್ತಾಳೆ. ಅವಳು ಓದುವಂತಾದ ದಿನ ಅಜ್ಜನ ಆ ಕಾರ್ಡನ್ನು ಅವಳ ಕೈಗೆ ಕೊಡಬೇಕೆಂದಿದ್ದೇನೆ.

ನಿಮ್ಮ ಮನೆಯಲ್ಲೂ ಅಂಥದೊಂದು ಕಾಗದ ಇದ್ದೀತು. ಹುಡುಕಿ ನೋಡಿ.